ಗಿರಣಿಯ ಅಂಗಳದಲ್ಲಿ ಗಿಟಾರು

ಶಿಗ್ಗಾವಿಯಿಂದ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ಎಂ.ಕಾಂ. ಸರ್ಟಿಫಿಕೇಟು ಹಿಡಿದು ಮುಂಬಯಿಗೆ ಬಂದ ನಾನು 1981ರಲ್ಲಿ ಲೋವರ್ ಪರೇಲಿನ ಬ್ಯಾಂಕ್ ಶಾಖೆಯೊಂದರಲ್ಲಿ ಗುಮಾಸ್ತನಾಗಿ ಸೇರಿದೆ. ಸುತ್ತಲೂ ಬಟ್ಟೆ ಗಿರಣಿಗಳು. ಆ ಭಾಗಕ್ಕೆ ಗಿರಣಗಾಂವ್ ಅಂತಲೇ ಹೆಸರು. ಪಾಳಿ ಬದಲಾಗುವಾಗ ಸೈರನ್ ಕೂಗುತ್ತಿತ್ತು. ಇಲ್ಲಿಯವರು ಅದಕ್ಕೆ ಭೋಂಗಾ ಅಂತಾರೆ. ನಮ್ಮ ಗಡಿಯಾರವೂ ಅದೇ.

ಕೌಂಟರಿಗೆ ಬರುತ್ತಿದ್ದ ಕಾರ್ಮಿಕರು ಕೂಗಿಯೇ ಮಾತಾಡುತ್ತಿದ್ದರು. ಮೊದಮೊದಲು ಇವರು ಜಗಳಕ್ಕೇ ಬಂದಿದ್ದಾರೆ ಅನ್ನಿಸಿತ್ತು. ನೇಯ್ಗೆ ಖಾತೆಯಲ್ಲಿ ನೂರಾರು ಮಗ್ಗಗಳ ಸದ್ದಿನ ನಡುವೆ ದುಡಿದು ಅವರ ಕಿವಿ ಮಂದವಾಗಿದೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳಿದ ಮೇಲೆ ನಾನೂ ಕೂಗಿ ಮಾತಾಡುವುದನ್ನು ಕಲಿತೆ.

1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಶುರುವಾಯಿತು. ಸುಮಾರು ಎರಡೂವರೆ ಲಕ್ಷ ಜನ ಕೆಲಸ ಬಿಟ್ಟು ಹೊರಬಂದರು. ಭೋಂಗಾ ನಿಂತಿತು. ಆ ವರ್ಷದ ಚರಿತ್ರೆಯನ್ನು ನಾನು ಓದಿದ್ದು ಪಾಸ್‌ಬುಕ್ಕಿನಲ್ಲಿ: ಮೊದಲು ನೂರು ತೆಗೆಯುತ್ತಿದ್ದವರು ಐವತ್ತು ತೆಗೆದರು, ಆಮೇಲೆ ಇಪ್ಪತ್ತು, ಆಮೇಲೆ ಹತ್ತು. ಸಾತಾರಾ ಕಡೆಯ ಒಬ್ಬ ನೇಕಾರ ಕನಿಷ್ಠ ಬಾಕಿ ಐದು ರೂಪಾಯಿಯನ್ನೂ ಕೊಡಿ ಎಂದು ಕೇಳಿದ, ಖಾತೆ ಮುಚ್ಚಿ ಊರಿಗೆ ಹೋದ. ಆ ಮುಷ್ಕರವನ್ನು ಯಾರೂ ವಿಧ್ಯುಕ್ತವಾಗಿ ಹಿಂತೆಗೆದುಕೊಳ್ಳಲೇ ಇಲ್ಲ. ಮುಂದೆ 1991ರ ನಿಯಮದ ಪ್ರಕಾರ ಗಿರಣಿ ಜಾಗದ ಮೂರರಲ್ಲೊಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ ಹೋಗಬೇಕಿತ್ತು. 2001ರ ತಿದ್ದುಪಡಿಯಲ್ಲಿ ಆ ಲೆಕ್ಕ ಬರೀ ಖಾಲಿ ಜಾಗಕ್ಕೆ ಇಳಿಯಿತು. ಲೆಕ್ಕ ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ.

ಇಷ್ಟು ಪೀಠಿಕೆ ಯಾಕೆಂದರೆ, 2010ರಲ್ಲಿ ನನ್ನ ಮಗ ಗಿಟಾರ್ ನುಡಿಸಿದ್ದು ಆ ಗಿರಣಿಗಳ ನಡುವೆಯೇ. ಮಥುರಾದಾಸ ಮಿಲ್ ಆವರಣದ ಹಳೆಯ ಗೋದಾಮಿನಲ್ಲಿ 2007ರ ಕೊನೆಗೆ ಬ್ಲೂ ಫ್ರಾಗ್ ಎಂಬ ಸಂಗೀತದ ಕ್ಲಬ್ಬು ತೆರೆದಿತ್ತು. (2016ರಲ್ಲಿ ಅದೂ ಮುಚ್ಚಿತು.) ಮಗ ಇಂಜಿನಿಯರಿಂಗ್ ಮುಗಿಸಿ, ಸಿಕ್ಕ ನೌಕರಿಯನ್ನು ನಾಲ್ಕೇ ತಿಂಗಳಲ್ಲಿ ಬಿಟ್ಟು, ಮೂವರು ಗೆಳೆಯರ ಜೊತೆ ತಂಡ ಕಟ್ಟಿದ್ದ. ನಮ್ಮಿಬ್ಬರ ನಡುವೆ ಆಗ ಊಟಕ್ಕೆ ಕರೆಯುವಷ್ಟೇ ಮಾತು.

"ಸ್ವಂತ ಹಾಡು ಯಾರು ಕೇಳ್ತಾರೋ?" ಎಂದು ಒಮ್ಮೆ ಗದರಿದ್ದೆ.

"ಶರೀಫಜ್ಜನ ಪದ ಕೇಳಿಲ್ಲೇನು?" ಎಂದ. ನಮ್ಮೂರ ಪಕ್ಕದ ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಗಿಟಾರಿನ ಜೊತೆ ಹಾಡಿದ್ದ ಆಲ್ಬಮ್ 2008ರಲ್ಲಿ ಬಂದಿತ್ತು, ಅದೂ ಮುಂಬಯಿಯ ಸಂಗೀತಗಾರರಾದ ವಿಶಾಲ್-ಶೇಖರ್ ಅವರ ಸಂಸ್ಥೆಯಿಂದ. ನನಗೆ ಉತ್ತರ ಹೊಳೆಯಲಿಲ್ಲ.

ಸ್ವಂತ ಹಾಡಿನ ಜಗಳ ಈ ಊರಿಗೆ ಹೊಸದಲ್ಲವಂತೆ. 1984ರಲ್ಲಿ ಹುಟ್ಟಿದ ರಾಕ್ ಮಶೀನ್ ತಂಡದ ಕಾಲದಲ್ಲಿ ಜನರಿಗೆ ವಿದೇಶಿ ಹಾಡಿನ ನಕಲೇ ಬೇಕಿತ್ತು. ಅವರು ಹಟ ಹಿಡಿದು ತಮ್ಮದೇ ಹಾಡುಗಳ ಕ್ಯಾಸೆಟ್ 1988ರಲ್ಲಿ ತಂದರು, 1993ರಲ್ಲಿ ಇಂಡಸ್ ಕ್ರೀಡ್ ಎಂದು ಹೆಸರು ಬದಲಿಸಿಕೊಂಡರು. ಧೋಬಿ ತಲಾವಿನ ರಂಗಭವನದ ಬಯಲು ರಂಗಮಂದಿರ ಇಂಥ ಹುಡುಗರ ಜಾತ್ರೆಯಾಗಿತ್ತು. 2000ದ ಶಬ್ದಮಾಲಿನ್ಯ ನಿಯಮದಂತೆ ಆಸ್ಪತ್ರೆ, ಕಾಲೇಜುಗಳ ನೂರು ಮೀಟರ್ ಸುತ್ತ ಮೌನವಲಯ. ರಂಗಭವನಕ್ಕೆ ಕಾಲೇಜು, ಆಸ್ಪತ್ರೆ ಎರಡೂ ಹತ್ತಿರ. ಹೀಗೆ ಗದ್ದಲವೆಲ್ಲ ಚಾವಣಿಯ ಕೆಳಗೆ, ಕ್ಲಬ್ಬುಗಳಿಗೆ ಬಂತು.

ಆ ದಿನ ನಾನು ಬರುವೆನೆಂದು ಮಗನಿಗೆ ಹೇಳಿರಲಿಲ್ಲ. ಶಾಖೆಯಿಂದ ನೇರ ಹೋದೆ, ಬಾಗಿಲಲ್ಲಿ ಟಿಕೆಟ್ ಕೊಂಡೆ. ಕೈಯಲ್ಲಿ ಊಟದ ಡಬ್ಬಿಯ ಚೀಲ. ಒಳಗೆ ದುಂಡಗಿನ ಆಸನದ ಗುಂಡಿಗಳು, ಕತ್ತಲೆ, ವಾರದ ನಡುವಿನ ದಿನವಾದ್ದರಿಂದ ಜನ ವಿರಳ. ಡ್ರಮ್ಮಿನ ಮೊದಲ ಪೆಟ್ಟಿಗೇ ನೆಲ ಅದುರಿ ಚಪ್ಪಲಿಯೊಳಗೆ ಬಂತು. ಹಾಡು ಇಂಗ್ಲಿಷು, ಅರ್ಧವೂ ತಿಳಿಯಲಿಲ್ಲ. ಮಗ ಮೂಲೆಯಲ್ಲಿ ತಲೆ ತಗ್ಗಿಸಿ ಬೇಸ್ ಗಿಟಾರ್ ಮೀಟುತ್ತಿದ್ದ. ಮನೆಯಲ್ಲಿ ಹತ್ತು ನಿಮಿಷ ಕೂರದ ಹುಡುಗ ಮುಕ್ಕಾಲು ಗಂಟೆ ಒಂದೇ ತಾಳ ಬಿಡದೆ ಹಿಡಿದಿದ್ದ.

ಪಕ್ಕದ ಹುಡುಗಿ ಏನೋ ಕೇಳಿದಳು. ಅವಳ ಕಿವಿಗೆ ಬಾಗಿ, "ಬೇಸ್ ನುಡಿಸುವವನು ನನ್ನ ಮಗ!" ಎಂದು ಹಿಂದಿಯಲ್ಲಿ ಕೂಗಿದೆ. ಕೂಗಿದ ಮೇಲೆ ಕೌಂಟರು ನೆನಪಾಯಿತು, ಐದು ರೂಪಾಯಿ ತೆಗೆದುಕೊಂಡು ಹೋದ ನೇಕಾರನೂ. ಅಲ್ಲಿಂದ ನಮ್ಮ ಹಳೆಯ ಶಾಖೆಗೆ ಹೆಚ್ಚೆಂದರೆ ಹತ್ತು ನಿಮಿಷದ ದಾರಿ. ಸ್ವಲ್ಪ ಹೊತ್ತು ಹಾಡು ಕಿವಿಗೆ ಬೀಳಲಿಲ್ಲ.

ಆ ತಂಡ ಎರಡು ವರ್ಷ ನಡೆದು ನಿಂತಿತು. ಅವರ ಹೆಸರು ನಿಮಗೆ ಗೊತ್ತಿರುವ ಸಾಧ್ಯತೆಯಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹೊರಗೆ ಸಾಮಾನು ಟೆಂಪೋಗೆ ಏರಿಸುತ್ತಿದ್ದ ಮಗ ನನ್ನನ್ನು ನೋಡಿ ನಿಂತುಬಿಟ್ಟ. ನಾನು ಡಬ್ಬಿಯ ಚೀಲ ಹೆಗಲಿಗೆ ಹಾಕಿಕೊಂಡು ಭಾರದ ಸ್ಪೀಕರಿನ ಒಂದು ಬದಿ ಹಿಡಿದೆ.

"ಮಂದಿ ಎಷ್ಟಿದ್ರು, ಎಣಿಸಿರ್ತೀರಲ್ಲ?" ಎಂದ.

"ನಲವತ್ತೊಂದು."

"ನಿಮ್ಮನ್ನೂ ಹಿಡಿದೇನು?"

"ಹಿಡೀದೇ? ಟಿಕೆಟ್ ತಗೊಂಡೀನಿ" ಎಂದೆ.