ಕಣಗಿನಹಾಳದ ಸೊಸೈಟಿಗೆ ಕಾವಲು ಯಾರು?

ಗದಗ ತಾಲೂಕಿನ ಕಣಗಿನಹಾಳ ಅಂದರೆ ದೇಶದ ಮೊದಲ ಸಹಕಾರ ಸಂಘ, 1905, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು. ಪರೀಕ್ಷೆಗೆ ಇಷ್ಟು ಸಾಕು. ನಮಗೆ ಕುತೂಹಲ ಇರುವುದು ಬೇರೆ ಕಡೆ. ಬ್ಯಾಂಕಿನ ಮುಖವನ್ನೇ ಕಾಣದ ಊರಲ್ಲಿ ರೈತನಿಗೆ ಸಾಲ ಕೊಟ್ಟು, ಅದು ವಾಪಸ್ ಬರುವಂತೆ ಸಂಘವನ್ನು ಹೇಗೆ ಕಟ್ಟಿದ್ದರು?

ಅದರ ಮೂಲ ಜರ್ಮನಿಯಲ್ಲಿದೆ. 1846-47ರ ಹಸಿವಿನ ಕಾಲದಲ್ಲಿ ರೈಫೈಸನ್ ಎಂಬ ಮೇಯರ್, ಉಳ್ಳವರಿಂದ ಹಣ ಕೂಡಿಸಿ ಬಡವರಿಗೆ ರೊಟ್ಟಿಯ ವ್ಯವಸ್ಥೆ ಮಾಡಿದ. ಆದರೆ ಉಳ್ಳವರ ಉತ್ಸಾಹ ಬಹಳ ದಿನ ಉಳಿಯುವಂಥದ್ದಲ್ಲ. 1864ರಲ್ಲಿ ಹೆಡೆಸ್‌ಡಾರ್ಫ್‌ನಲ್ಲಿ ಸಾಲ ಪಡೆಯುವವರೇ ಸದಸ್ಯರಾಗುವ ಸಂಘ ಕಟ್ಟಿದ. ಮದ್ರಾಸಿನ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ಇದನ್ನು ಓದಿ, ನೋಡಿ, ನಮ್ಮ ಹಳ್ಳಿಗಳಿಗೂ ಇದೇ ಸರಿ ಎಂದು ವರದಿ ಕೊಟ್ಟರು. 1904ರಲ್ಲಿ ಕಾಯ್ದೆ ಬಂತು.

ಕಾಯ್ದೆಯ ಪ್ರಕಾರ ಹತ್ತು ಜನ ಸೇರಿದರೆ ಸಂಘ. ಹಳ್ಳಿಯ ಸಂಘದಲ್ಲಿ ಹೊಣೆಗೆ ಮಿತಿಯಿಲ್ಲ. ಅಂದರೆ ಒಬ್ಬ ಸಾಲ ಮುಳುಗಿಸಿ ಸಂಘ ಕೆಟ್ಟರೆ ಉಳಿದವರ ಆಸ್ತಿಗೂ ಕುತ್ತು. ಕೇಳಲು ಕಠೋರ ಅನಿಸುತ್ತದೆ, ಆದರೆ ಇಡೀ ಯಂತ್ರ ನಡೆಯುವುದೇ ಇದರಿಂದ. ಯಾರ ಎತ್ತು ಸತ್ತಿದೆ, ಯಾರು ಬೀಜದ ಹೆಸರಲ್ಲಿ ಸಾಲ ತೆಗೆದು ಮದುವೆ ಮಾಡುತ್ತಿದ್ದಾರೆ ಎಂಬುದು ಪೇಟೆಯ ಗುಮಾಸ್ತನಿಗೆ ತಿಳಿಯದು, ಪಕ್ಕದ ಹೊಲದವನಿಗೆ ತಿಳಿಯುತ್ತದೆ. ತನ್ನ ಹೊಲಕ್ಕೂ ಕುತ್ತು ಇದ್ದಾಗ ಅವನು ಬಾಯಿ ಬಿಟ್ಟು ಕೇಳುತ್ತಾನೆ. ಸಂಬಳದ ಕಾವಲುಗಾರ ಬೇಕಿಲ್ಲ.

ಇದಕ್ಕೆ ಇನ್ನೊಂದು ಮುಖವೂ ಉಂಟು. ಎಲ್ಲರ ಹೊಣೆ ಎಲ್ಲರೂ ಹೊರಬೇಕೆಂದಾಗ, ತುಂಡು ಹೊಲವೂ ಇಲ್ಲದ ಕೂಲಿಯವನನ್ನು ಯಾರು ಒಳಗೆ ಕರೆದಾರು? ಸಹಕಾರದ ಹೊಗಳಿಕೆಯಲ್ಲಿ ಈ ಮಾತು ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಸಂಘಗಳು ದೇಶದ ತುಂಬ ಹಬ್ಬಿದವು. ಆದರೂ 1951-52ರಲ್ಲಿ ರಿಸರ್ವ್ ಬ್ಯಾಂಕ್ ಮಾಡಿಸಿದ ಸಮೀಕ್ಷೆಯಲ್ಲಿ, ರೈತ ತಂದ ಸಾಲದ ಪ್ರತಿ 100 ರೂಪಾಯಿಯಲ್ಲಿ ಸಂಘದ್ದು ಸುಮಾರು 3 ರೂಪಾಯಿ ಮಾತ್ರ. ಸುಮಾರು 70 ರೂಪಾಯಿ ಬಡ್ಡಿ ಸಾಹುಕಾರರದ್ದು. ಸಂಘ ದೊಡ್ಡದಾಗಲಿ, ಸರ್ಕಾರವೂ ಪಾಲು ಹಾಕಲಿ ಎಂದು ಸಮಿತಿ ಹೇಳಿತು. ಹಣ ಬಂತು, ಅದು ಬೇಕಾಗಿಯೂ ಇತ್ತು. ಆದರೆ ಹಲವು ಊರು ಸೇರಿ ಒಂದು ಸೊಸೈಟಿ ಆದ ಮೇಲೆ, ಮುಳುಗಿದರೆ ಸರ್ಕಾರದ್ದು ಎಂಬ ಭಾವನೆ ಬಂದ ಮೇಲೆ, ಆ ಪಕ್ಕದ ಹೊಲದವನು ಯಾಕೆ ಕೇಳಬೇಕು? ಸಾಲ ಮನ್ನಾ ಸುದ್ದಿ ಬಂದ ವರ್ಷ ನಮ್ಮೂರ ಸೊಸೈಟಿಯಲ್ಲಿ ಕಂತು ಕಟ್ಟಲು ಬಂದವನನ್ನೇ ಜನ ದಡ್ಡ ಅಂದರು.