ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನ

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನವು ಬೆಂಗಳೂರಿನ ದಕ್ಷಿಣ ಅಂಚಿನಲ್ಲಿರುವ ಸಂರಕ್ಷಿತ ಅರಣ್ಯ. ನಗರದ ಕೇಂದ್ರಭಾಗದಿಂದ ಸುಮಾರು 22 ಕಿ.ಮೀ. ದೂರದಲ್ಲಿದ್ದು, 260.51 ಚದರ ಕಿ.ಮೀ. ವಿಸ್ತೀರ್ಣ ಹೊಂದಿದೆ. ಎಲೆಕ್ಟ್ರಾನಿಕ್ ಸಿಟಿ ಹಾಗೂ ಜಿಗಣಿ, ಬೊಮ್ಮಸಂದ್ರ ಕೈಗಾರಿಕಾ ಪ್ರದೇಶಗಳು ಇದರ ಸಮೀಪದಲ್ಲಿವೆ. 1974ರಲ್ಲಿ ಇದನ್ನು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ಅನಂತರ ಸುತ್ತಲಿನ ಅರಣ್ಯ ಪ್ರದೇಶಗಳನ್ನು ಸೇರಿಸಿ ವಿಸ್ತರಿಸಲಾಯಿತು. ಜನರ ಮಾತಿನಲ್ಲಿ ‘ಬನ್ನೇರುಘಟ್ಟ’ ಎಂದರೆ ಸಾಮಾನ್ಯವಾಗಿ ಮೃಗಾಲಯ ಮತ್ತು ಸಫಾರಿ ಎಂದೇ ಅರ್ಥ. ಆದರೆ ಮೃಗಾಲಯವಿರುವ ಜೈವಿಕ ಉದ್ಯಾನ ಬೇರೆ, ಕಾಡಾನೆಗಳು ಸಂಚರಿಸುವ ರಾಷ್ಟ್ರೀಯ ಉದ್ಯಾನ ಬೇರೆ. ಸಂದರ್ಶಕರಿಗೆ ಅನ್ವಯಿಸುವ ನಿಯಮಗಳೂ ಎರಡರಲ್ಲಿ ಬೇರೆ ಬೇರೆಯಾಗಿವೆ.

ಭೌಗೋಳಿಕ ನೆಲೆ

ಈ ಅರಣ್ಯವು ಬೆಂಗಳೂರು ನಗರ ಜಿಲ್ಲೆಯ ಆನೇಕಲ್ ತಾಲ್ಲೂಕಿನಿಂದ ಹಿಂದಿನ ರಾಮನಗರ ಜಿಲ್ಲೆಯ (ಈಗಿನ ಬೆಂಗಳೂರು ದಕ್ಷಿಣ ಜಿಲ್ಲೆ) ಕನಕಪುರದ ಕಡೆಗೆ ಉತ್ತರ–ದಕ್ಷಿಣವಾಗಿ ಚಾಚಿಕೊಂಡಿದೆ. ಬನ್ನೇರುಘಟ್ಟ, ಆನೇಕಲ್, ಹಾರೋಹಳ್ಳಿ ಮತ್ತು ಕೋಡಿಹಳ್ಳಿ ಇದರ ಅರಣ್ಯ ವಲಯಗಳು. ದಕ್ಷಿಣದಲ್ಲಿ ಕಾವೇರಿ ವನ್ಯಜೀವಿ ಧಾಮವೂ ಪೂರ್ವದಲ್ಲಿ ತಮಿಳುನಾಡಿನ ತಳಿ ಭಾಗದ ಅರಣ್ಯಗಳೂ ಇದಕ್ಕೆ ಹೊಂದಿಕೊಂಡಿವೆ. ಬಂಡೆಗಲ್ಲಿನ ಗುಡ್ಡಗಳು, ಮಳೆಗಾಲದಲ್ಲಿ ಹರಿಯುವ ಹಳ್ಳಗಳು, ಕೆರೆಕುಂಟೆಗಳು ಮತ್ತು ಕುರುಚಲು ಕಾಡು ಇಲ್ಲಿನ ಮುಖ್ಯ ಲಕ್ಷಣಗಳು.

ಸಸ್ಯ ಮತ್ತು ಪ್ರಾಣಿ ಸಂಪತ್ತು

ಇಲ್ಲಿ ಬಹುಪಾಲು ಎಲೆ ಉದುರಿಸುವ ಒಣ ಕಾಡು ಕಂಡುಬರುತ್ತದೆ. ಜಾಲಾರಿ, ದಿಂಡಿಗ, ಶ್ರೀಗಂಧ, ಹುಣಸೆ ಮತ್ತು ಬಿದಿರು ಬೆಳೆಯುತ್ತವೆ. ಆನೆ, ಕಾಟಿ, ಚಿರತೆ, ಕರಡಿ, ಸೀಳುನಾಯಿ, ಕಡವೆ, ಜಿಂಕೆ, ಕಾಡುಹಂದಿ, ಕಾಡುಪಾಪ ಮತ್ತು ನವಿಲು ಇಲ್ಲಿನ ವನ್ಯಜೀವಿಗಳಲ್ಲಿ ಸೇರಿವೆ.

ಕಾವೇರಿ ಕಣಿವೆ ಮತ್ತು ತಮಿಳುನಾಡಿನ ಕಾಡುಗಳ ನಡುವೆ ಓಡಾಡುವ ಆನೆಗಳಿಗೆ ಈ ಅರಣ್ಯವು ದಾರಿಯೂ ನೆಲೆಯೂ ಆಗಿದೆ. ಅರಣ್ಯದ ಕೆಲವು ಭಾಗಗಳು ತೀರಾ ಕಿರಿದಾಗಿವೆ. ಕರಡಿಕಲ್–ಮಹದೇಶ್ವರ ಆನೆ ಕಾರಿಡಾರ್ ಅಂತಹ ಒಂದು ಇಕ್ಕಟ್ಟಿನ ಭಾಗ. ಇಂತಹ ಕಡೆ ರಸ್ತೆ, ಬಡಾವಣೆ ಅಥವಾ ಬೇಲಿ ಅಡ್ಡ ಬಂದರೆ ಆನೆಗಳು ಊರು ಮತ್ತು ಹೊಲಗಳ ಕಡೆಗೆ ತಿರುಗುತ್ತವೆ. ರಾಗಿ ತೆನೆ ಬಲಿತು ಕೊಯ್ಲಿಗೆ ಬರುವ ಕಾಲದಲ್ಲಿ ಕಾಡಂಚಿನ ರೈತರಿಗೆ ಆನೆಗಳ ಉಪಟಳ ಹೆಚ್ಚು. ಇದನ್ನು ತಡೆಯಲು ಆನೆ ಕಂದಕ, ಸೌರ ಬೇಲಿ ಮತ್ತು ರೈಲು ಕಂಬಿಗಳ ತಡೆಗಳನ್ನು ಬಳಸಲಾಗುತ್ತದೆ.

ಬನ್ನೇರುಘಟ್ಟ ಜೈವಿಕ ಉದ್ಯಾನ

ಪ್ರವಾಸೋದ್ಯಮಕ್ಕಾಗಿ ಮೀಸಲಾದ ಭಾಗವನ್ನು 2002ರಲ್ಲಿ ರಾಷ್ಟ್ರೀಯ ಉದ್ಯಾನದಿಂದ ಬೇರ್ಪಡಿಸಿ ಜೈವಿಕ ಉದ್ಯಾನವನ್ನು ರೂಪಿಸಲಾಯಿತು. ಇದು ಕರ್ನಾಟಕ ಮೃಗಾಲಯ ಪ್ರಾಧಿಕಾರದ ಅಧೀನದಲ್ಲಿದೆ. ಇದರ ವಿಸ್ತೀರ್ಣ ಸುಮಾರು 732 ಹೆಕ್ಟೇರ್, ಅಂದರೆ 7.3 ಚದರ ಕಿ.ಮೀ. ಮಾತ್ರ. ಮೃಗಾಲಯ, ಸಫಾರಿ, ಪ್ರಾಣಿ ಪುನರ್ವಸತಿ ಕೇಂದ್ರ ಮತ್ತು ಚಿಟ್ಟೆ ಉದ್ಯಾನ ಇಲ್ಲಿವೆ. 2006ರಲ್ಲಿ ಆರಂಭವಾದ ಚಿಟ್ಟೆ ಉದ್ಯಾನವು ದೇಶದಲ್ಲೇ ಮೊದಲನೆಯದು. 2024ರಲ್ಲಿ ಚಿರತೆ ಸಫಾರಿ ಆರಂಭವಾಯಿತು.

ಚಾರಣ ಮತ್ತು ಸಮೀಪದ ತಾಣಗಳು

ರಾಷ್ಟ್ರೀಯ ಉದ್ಯಾನದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ನಿಷಿದ್ಧ. ಪ್ರವಾಸ, ಅಧ್ಯಯನ ಮತ್ತು ಛಾಯಾಗ್ರಹಣದಂತಹ ಉದ್ದೇಶಗಳಿಗೆ ಅರಣ್ಯ ಇಲಾಖೆಯ ಅನುಮತಿ ಅಗತ್ಯ. ಕಾಲುದಾರಿ ಕಂಡ ಮಾತ್ರಕ್ಕೆ ಅದು ಚಾರಣಪಥವಲ್ಲ. ಹಲವು ದಾರಿಗಳು ಆನೆಗಳು ನಡೆದು ಮಾಡಿಕೊಂಡವು.

ಅರಣ್ಯದ ಅಂಚಿನಲ್ಲಿ ಸಾರ್ವಜನಿಕರು ನೋಡಬಹುದಾದ ಸ್ಥಳಗಳಿವೆ. ಬನ್ನೇರುಘಟ್ಟ ಗ್ರಾಮದ ಚಂಪಕಧಾಮಸ್ವಾಮಿ ದೇವಾಲಯವು ವಹ್ನಿಗಿರಿ ಬೆಟ್ಟದ ಬುಡದಲ್ಲಿದೆ. ಬೆಟ್ಟದ ಮೇಲೆ ನರಸಿಂಹನ ಗುಡಿಯಿದೆ. ಸಮೀಪದ ಸುವರ್ಣಮುಖಿ ಕೊಳದ ನೀರಿನಿಂದ ಜನಮೇಜಯ ರಾಜನ ಕುಷ್ಠರೋಗ ವಾಸಿಯಾಯಿತೆಂಬುದು ಸ್ಥಳಪುರಾಣ. ಆನೇಕಲ್ ಬಳಿಯ ಮುತ್ಯಾಲಮಡುವು ಕಣಿವೆಯಲ್ಲಿ ಮಳೆಗಾಲದ ಜಲಪಾತವಿದೆ. ಬೆಟ್ಟ ಹತ್ತುವ ಆಸಕ್ತಿಯುಳ್ಳವರು ಮಾಗಡಿ ಸಮೀಪದ ಸಾವನದುರ್ಗಕ್ಕೆ (1,226 ಮೀಟರ್) ಅಥವಾ ಪೀಣ್ಯದಿಂದ ತುಮಕೂರು ರಸ್ತೆಯಲ್ಲಿ ಸಾಗಿ ದಾಬಸ್‌ಪೇಟೆ ಬಳಿಯ ಶಿವಗಂಗೆಗೆ ಹೋಗುವುದು ರೂಢಿ.

ಪರಿಸರ ಸೂಕ್ಷ್ಮ ವಲಯ

ಉದ್ಯಾನದ ಗಡಿಯ ಹೊರಗೆ ಗಣಿಗಾರಿಕೆ ಮತ್ತು ನಿರ್ಮಾಣ ಚಟುವಟಿಕೆಗಳನ್ನು ನಿಯಂತ್ರಿಸಲು ಪರಿಸರ ಸೂಕ್ಷ್ಮ ವಲಯವನ್ನು ಗುರುತಿಸಲಾಗಿದೆ. 2016ರ ಕರಡು ಅಧಿಸೂಚನೆಯಲ್ಲಿ ಇದರ ವಿಸ್ತೀರ್ಣ ಸುಮಾರು 269 ಚದರ ಕಿ.ಮೀ. ಇತ್ತು. ಕೇಂದ್ರ ಪರಿಸರ ಸಚಿವಾಲಯದ 2020ರ ಅಂತಿಮ ಅಧಿಸೂಚನೆಯಲ್ಲಿ ಅದು ಸುಮಾರು 169 ಚದರ ಕಿ.ಮೀ.ಗೆ ಇಳಿಯಿತು. ವಲಯದ ಅಗಲವು ಗಡಿಯಿಂದ 100 ಮೀಟರ್‌ನಿಂದ 1 ಕಿ.ಮೀ.ವರೆಗೆ ಇದ್ದು, ಬೆಂಗಳೂರಿನ ಕಡೆಗೆ ಅತಿ ಕಿರಿದಾಗಿದೆ. ನಗರದ ಒತ್ತಡ ಹೆಚ್ಚಿರುವ ಕಡೆಯಲ್ಲೇ ರಕ್ಷಣೆ ಕಡಿಮೆಯಾಗಿದೆ ಎಂದು ಪರಿಸರಾಸಕ್ತರು ಇದನ್ನು ವಿರೋಧಿಸಿದರು. ಕಾಡಂಚಿನ ಭೂಮಾಲೀಕರಲ್ಲಿ ಹಲವರು ತಮ್ಮ ಜಮೀನಿನ ಬಳಕೆಗೆ ನಿರ್ಬಂಧ ಬರುವುದೆಂದು ಆತಂಕಪಟ್ಟಿದ್ದರು.

ಸಂದರ್ಶಕರಿಗೆ ಮಾಹಿತಿ

ಜೈವಿಕ ಉದ್ಯಾನಕ್ಕೆ ಮಂಗಳವಾರ ವಾರದ ರಜೆ. ಕೆಂಪೇಗೌಡ ಬಸ್ ನಿಲ್ದಾಣದಿಂದ ಬಿಎಂಟಿಸಿಯ 365ನೇ ಮಾರ್ಗದ ಬಸ್ಸುಗಳು ಇಲ್ಲಿಗೆ ಬರುತ್ತವೆ. ಎಲೆಕ್ಟ್ರಾನಿಕ್ ಸಿಟಿಯ ಕಡೆಯವರು ಬೊಮ್ಮಸಂದ್ರ–ಜಿಗಣಿ ಸಂಪರ್ಕ ರಸ್ತೆಯ ಮೂಲಕ ತಲುಪಬಹುದು. ಪ್ರಾಣಿಗಳಿಗೆ ಆಹಾರ ನೀಡಬಾರದು, ಪ್ಲಾಸ್ಟಿಕ್ ಎಸೆಯಬಾರದು. ಕಾಡಂಚಿನ ರಸ್ತೆಗಳಲ್ಲಿ ಮುಸ್ಸಂಜೆಯ ನಂತರ ಮತ್ತು ಬೆಳಗಿನ ಜಾವ ಆನೆಗಳು ದಾಟುವ ಸಂಭವವಿರುವುದರಿಂದ ಆ ಹೊತ್ತಿನಲ್ಲಿ ನಡೆದು ಅಥವಾ ದ್ವಿಚಕ್ರ ವಾಹನದಲ್ಲಿ ಸಂಚರಿಸದಿರುವುದು ಕ್ಷೇಮ.