ಸುರಂಗ, ಕಟ್ಟ ಮತ್ತು ಅಡಿಕೆ ತೋಟ

ಕಾಸರಗೋಡು ಸೀಮೆಗೆ ಮಳೆಯ ಬಡತನ ಎಂದೂ ಇದ್ದುದಿಲ್ಲ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಸಣ್ಣವೂ ದೊಡ್ಡವೂ ಸೇರಿ 12 ಹೊಳೆಗಳು. ಆದರೂ ಮಾರ್ಚ್ ತಿಂಗಳು ಬಂತೆಂದರೆ ಗುಡ್ಡೆಯ ಮನೆಗಳವರಿಗೆ ಕೊಡಪಾನ ಹಿಡಿದು ನಡೆಯುವುದು ತಪ್ಪುತ್ತಿರಲಿಲ್ಲ. ಸುರಿದ ನೀರು ಇಳಿಜಾರಿನಲ್ಲಿ ನಿಲ್ಲದೆ ಸಮುದ್ರ ಸೇರುವುದೇ ಇದಕ್ಕೆ ಕಾರಣ. ಇಂತಹ ನೆಲದಲ್ಲಿ, ಬೇಸಗೆ ಪೂರ್ತಿ ನೀರು ಬೇಡುವ ಅಡಿಕೆಯನ್ನು ಬೆಳೆಸಿ ಹಿರಿಯರು ಸಂಸಾರ ನಡೆಸಿದ್ದು ಸುರಂಗ ಮತ್ತು ಕಟ್ಟ ಎಂಬ ಎರಡರ ಬಲದಿಂದ.

ಬಾಯಾರು, ಶೇಣಿ, ಎಣ್ಮಕಜೆ ಮೊದಲಾದ ಕಡೆ ಸುರಂಗವಿಲ್ಲದ ಗುಡ್ಡೆ ಅಪರೂಪ. ಮುರಕಲ್ಲಿನ ಗುಡ್ಡೆಗೆ ಅಡ್ಡಲಾಗಿ, ಒಬ್ಬ ಮನುಷ್ಯ ನುಸುಳುವಷ್ಟೇ ಅಗಲಕ್ಕೆ ಕೊರೆಯುತ್ತಾ ಹೋಗುವುದು. ಒಬ್ಬ ಪಿಕ್ಕಾಸು ಹಿಡಿದು ಅಗೆದರೆ ಇನ್ನೊಬ್ಬ ಮಣ್ಣು ಹೊರಗೆ ಸಾಗಿಸುತ್ತಾನೆ. ಕೂಲಿಯ ಲೆಕ್ಕ ಕೋಲಿನ ಅಳತೆಯಲ್ಲಿ. ಒಳಗೆ ಉರಿಯುವ ಮೇಣದ ಬತ್ತಿ ನಂದಿತೆಂದರೆ ಉಸಿರಿಗೆ ಗಾಳಿ ಸಾಲದೆಂದು ತಿಳಿದು ಹೊರಗೆ ಬರಬೇಕು. ಮಣ್ಣು ಕುಸಿಯುವ ಭಯ ಬೇರೆ. ಕೊರೆದಷ್ಟೂ ಒಣಮಣ್ಣೇ ಸಿಕ್ಕಿದರೆ ದುಡಿಮೆ, ಹಣ ಎರಡೂ ನಷ್ಟ. ನೀರು ಸಿಕ್ಕಿದರೆ ಮಾತ್ರ ಪಂಪು ಬೇಡ, ಎಣ್ಣೆ ಬೇಡ. ತಾನಾಗಿ ಹರಿದು ಬಂದು ಬಾಯಲ್ಲಿರುವ ಕೆರೆ ತುಂಬುತ್ತದೆ.

1956ರ ನವೆಂಬರ್ 1ರಂದು ಈ ಸೀಮೆ ಕೇರಳಕ್ಕೆ ಸೇರಿತು. ಅಲ್ಲಿಯ ಭೂಸುಧಾರಣೆ ಕಾನೂನಿನಂತೆ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಗೇಣಿದಾರರು ಒಡೆಯರಾದರು. ಬೈಲಿನ ಗದ್ದೆ ಎಲ್ಲರ ಪಾಲಿಗೆ ಬರಲಿಲ್ಲ, ಗುಡ್ಡೆಯ ಬದಿ ಬಂತು. ಅಲ್ಲಿ ಬಾವಿ ತೋಡುವುದಕ್ಕಿಂತ ಸುರಂಗವೇ ಸಾಧ್ಯವಾಗಿದ್ದುದರಿಂದ ಅನೇಕ ಸಣ್ಣ ಕೃಷಿಕರು ಮನೆಮಂದಿಯ ಬೆವರಿನಿಂದಲೇ ಕೊರೆದು ಕಂಗು ನೆಟ್ಟರು. ಆ ಹೊತ್ತಿಗೆ ಅಡಿಕೆಯ ಧಾರಣೆ ಕುಸಿದಿತ್ತು. ಬೆಳೆಗಾರರ ರಕ್ಷಣೆಗೆಂದು ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು 1973ರಲ್ಲಿ. ಮಗಳ ಮದುವೆಯಾಗಲಿ, ಅಂಗಡಿಯ ಸಾಲವಾಗಲಿ, ತೀರುತ್ತಿದ್ದುದು ಅಡಿಕೆ ಕೊಟ್ಟ ಮೇಲೆಯೇ.

ಸುರಂಗ ಒಂದು ಮನೆಯದ್ದು, ಕಟ್ಟ ಹಲವು ಮನೆಗಳದ್ದು. ಮಳೆಗಾಲ ಕಳೆದು ತೋಡಿನ ಸೆಳೆತ ತಗ್ಗಿದಾಗ ಕಲ್ಲು ಮಣ್ಣುಗಳಿಂದ ಅಡ್ಡಕಟ್ಟಿ ನೀರು ನಿಲ್ಲಿಸುವುದು, ಮುಂದಿನ ಮಳೆಗೆ ಅದು ಕೊಚ್ಚಿಹೋಗುವುದು, ಪುನಃ ಕಟ್ಟುವುದು. ನಿಂತ ನೀರು ಇಂಗಿ ಎರಡೂ ದಡದ ಬಾವಿಗಳಲ್ಲಿ ಮೇಲೇರುತ್ತದೆ. ಕೆಲಸಕ್ಕೆ ಬಾರದವನ ಬಾವಿಗೂ ಏರುತ್ತದೆ ಎಂಬುದೇ ಜಗಳಕ್ಕೆ ಮೂಲವಾದದ್ದೂ ಉಂಟು!

ಪಂಪು ಬಂತು, ಅದರ ಹಿಂದೆ ಕೊಳವೆಬಾವಿ ಬಂತು. ತೋಟಗಳು ಗುಡ್ಡೆಯ ನೆತ್ತಿಗೇರಿದವು, ಸ್ಪ್ರಿಂಕ್ಲರ್‌ಗಳು ತಿರುಗಿದವು, ಆದಾಯವೂ ಹೆಚ್ಚಿತು. ಇದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಆದರೆ ಗುಂಡಿ ಒತ್ತಿದರೆ ನೀರು ಬರುವವನಿಗೆ ನೆರೆಯವನೊಡನೆ ಕಲ್ಲು ಹೊರುವ ಅಗತ್ಯ ಕಾಣಲಿಲ್ಲ. ಕೂಲಿಯೂ ದುಬಾರಿಯಾಯಿತು. ಅನೇಕ ಕಟ್ಟಗಳು ನಿಂತುಹೋದವು. ಒಬ್ಬನ ಕೊಳವೆ ಬತ್ತಿದರೆ ಇನ್ನಷ್ಟು ಆಳಕ್ಕೆ ಕೊರೆಸುವುದು, ಅದಕ್ಕೆ ಬ್ಯಾಂಕಿನ ಸಾಲ.

ಏತಡ್ಕದ ಕೃಷಿಕರು ಮಾತ್ರ ಒಂದರ ಕೆಳಗೊಂದರಂತೆ ಕಟ್ಟಗಳ ಸಾಲನ್ನೇ ಉಳಿಸಿಕೊಂಡು ಹೆಸರಾದರು. ಎಣ್ಮಕಜೆಯ ಪಡ್ರೆಯವರಾದ ಶ್ರೀ ಪಡ್ರೆಯವರು ಇಂತಹ ಕಟ್ಟ, ಸುರಂಗಗಳ ವಿಷಯ ಬರೆದು ದೂರದೂರಿನವರಿಗೂ ತಿಳಿಸಿದರು. ಮಣ್ಣು ಹೊರುವ ಆಳು ಸಿಗದ ಕಡೆ ಈಗ ಪ್ಲಾಸ್ಟಿಕ್ ಹಾಳೆ ಹಾಸಿಯೂ ಕಟ್ಟ ಕಟ್ಟುವುದುಂಟು.